ಬಿಡಿಸದ ಪಥ್ಯ

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಕಟ್ಟಿದವನು ಸಂತಪುರದ ಕಡೆ ಹಾದಿರಲಿಕ್ಕಿಲ್ಲ. ಹಾದಿದ್ದರೆ ಶೇವಂತಾಬಾಯಿಯ ಬಚ್ಚಲಿನ ಹಿಂದೆ, ಮೈತೊಳೆದ ನೀರು ಹರಿದು ಹೋಗುವ ಹಸಿಯಲ್ಲಿ ಬೆಳೆದ ಗೇಣುದ್ದದ ಗಿಡಗಳನ್ನು ನೋಡಿ ಗಾದೆಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದ. ಎಲೆ ನೋಡಿದರೆ ಥೇಟು ನೆಲ್ಲಿಯ ಎಲೆ, ಎಲೆಯ ಕೆಳಗೆ ಸಾಸಿವೆಗಿಂತ ತುಸು ದಪ್ಪದ ಕಾಯಿಗಳ ಸಾಲು. ಪುಸ್ತಕ ಓದಿದವರು ನೆಲನೆಲ್ಲಿ ಎನ್ನುತ್ತಾರೆ, ಮರಾಠಿ ಬೆರೆತ ಔರಾದ ಸೀಮೆಯ ಜನ ಭುಯ್ಯಾವಳಾ ಎನ್ನುತ್ತಾರೆ. ಅದನ್ನು ಬೇರು ಸಹಿತ ಕಿತ್ತು, ಅರೆದು, ಆಡಿನ ಹಾಲಿನಲ್ಲಿ ಕಲಸಿ ಶೇವಂತಾಬಾಯಿ ಕುಡಿಸಿದರೆ ಕಾಮಾಲೆ ಇಳಿಯುತ್ತದೆ ಎಂದು ಔರಾದ, ಭಾಲ್ಕಿ, ಬೀದರ ಮೂರೂ ಕಡೆಯ ಜನ ನಂಬಿದ್ದರು. ರವಿವಾರ ಬೆಳಿಗ್ಗೆ ಸಂತಪುರದಲ್ಲಿ ಬಸ್ಸಿಳಿದವನ ಕಣ್ಣು ಹಳದಿಯಾಗಿದ್ದರೆ ಯಾರೂ ಅವನಿಗೆ ಎಲ್ಲಿಗೆ ಎಂದು ಕೇಳುತ್ತಿರಲಿಲ್ಲ, ಓಣಿಯ ಕಡೆ ಕೈ ತೋರಿಸುತ್ತಿದ್ದರು.

ಈ ಮದ್ದು ಅತ್ತೆಯಿಂದ ಸೊಸೆಗೆ ಬರುವಂಥದ್ದು. ಶೇವಂತಾಬಾಯಿಗೆ ಕೊಟ್ಟವಳು ಅವಳ ಅತ್ತೆ ಕೌಸಲ್ಯಾಬಾಯಿ. ಮಗಳಿಗೆ ಕೊಡುವಂತಿಲ್ಲ, ಮಗಳು ಬೇರೆ ಮನೆಗೆ ಹೋಗುವವಳು. ಹಣ ಮುಟ್ಟುವಂತಿಲ್ಲ. ಬಂದವರನ್ನು ಏನು, ಎತ್ತ ಎಂದು ವಿಚಾರಿಸುವಂತಿಲ್ಲ. "ಕೇಳಿ ಕೇಳಿ ಕೊಟ್ರ ಅದು ಅಂಗಡಿ ಆಗ್ತದ, ಮದ್ದು ಆಗಂಗಿಲ್ಲ," ಎನ್ನುತ್ತಿದ್ದಳು ಕೌಸಲ್ಯಾಬಾಯಿ. ಕುಡಿಸಿದ ಮೇಲೆ ಪಥ್ಯ ಶುರು: ಎಣ್ಣೆ ಕೂಡದು, ಅರಿಷಿಣ ಕೂಡದು, ಖಾರ ಕೂಡದು, ಬೇರೆ ಯಾವ ಔಷಧವೂ ಕೂಡದು. ಮದ್ದಿನ ಮೇಲೆ ಮದ್ದು ಬೀಳಬಾರದು ಎಂಬುದು ಆ ಮನೆಯ ಕಾನೂನು.

ಪಥ್ಯ ಕಟ್ಟುವುದು ಸುಲಭ, ಬಿಡಿಸುವುದಕ್ಕೇ ಒಂದು ಕ್ರಮವಿತ್ತು. ಕಣ್ಣು ಬೆಳ್ಳಗಾದ ಮೇಲೆ ರೋಗಿ ತಿರುಗಿ ಬರಬೇಕು. ಮದ್ದು ಕೊಟ್ಟವಳು ಜೋಳದ ರೊಟ್ಟಿಯ ತುಂಡನ್ನು ಎಣ್ಣೆ ಹಾಕಿದ ಶೇಂಗಾ ಚಟ್ನಿಯಲ್ಲಿ ಅದ್ದಿ, ತನ್ನ ಕೈಯಿಂದಲೇ ಅವನ ಬಾಯಲ್ಲಿಟ್ಟು "ಬಿಟ್ಟೀನಿ" ಎನ್ನಬೇಕು. ಅಲ್ಲಿಯವರೆಗೆ ಕಟ್ಟು ಕಟ್ಟೇ. ಬಿಡಿಸಿಕೊಳ್ಳದೆ ಬಾಯಿ ಸಡಿಲ ಬಿಟ್ಟವನಿಗೆ ಕಾಮಾಲೆ ಹೊರಳಿ ಬರುತ್ತದೆ, ಹೊರಳಿ ಬಂದದ್ದು ಒಯ್ದೇ ಹೋಗುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಹಾಗೆ ಹೋದವರ ಕಥೆಗಳೂ ಬೇಕಾದಷ್ಟು ಇದ್ದವು, ಹೋದವರ ಊರು ಮಾತ್ರ ಯಾವಾಗಲೂ ಪಕ್ಕದ್ದು.

ಆ ಮನೆಯವರು ಬೌದ್ಧರು. ಕೌಸಲ್ಯಾಬಾಯಿಯ ಹರೆಯದಲ್ಲೇ ಜಗಲಿಯ ಮೇಲಿನ ಹಳೆಯ ದೇವರುಗಳನ್ನು ಚೀಲದಲ್ಲಿ ಕಟ್ಟಿ ಮಾಂಜ್ರಾ ಹೊಳೆಗೆ ಬಿಟ್ಟು ಬಂದಿದ್ದರು. ಗಿಡ ಕೀಳುವ ಮುಂಚೆ ಅಕ್ಷತೆ ಹಾಕಿ ಕರೆಯುವುದು ಹೋಯಿತು, ಮಂತ್ರ ಹೋಯಿತು, ಅಮಾವಾಸ್ಯೆಯ ಲೆಕ್ಕವೂ ಹೋಯಿತು. ಕೈತುತ್ತು ಮಾತ್ರ ಹೋಗಲಿಲ್ಲ. ಅದಕ್ಕೆ ಕಾರಣ ದೇವರಲ್ಲ. ವಾರದ ಉಳಿದೆಲ್ಲ ದಿನ ಈ ಮನೆಯ ನೀರು ಮುಟ್ಟದಿದ್ದ ದೊಡ್ಡ ಮನೆತನದವರು ಕಾಮಾಲೆ ಬಂದಾಗ ಇದೇ ಅಂಗಳದಲ್ಲಿ ಕೂತು, ಹಕ್ಕಿಮರಿಯಂತೆ ಬಾಯಿ ತೆರೆದು, ಈ ಕೈಯ ತುತ್ತಿಗೆ ಕಾಯುತ್ತಿದ್ದರು. ಕೌಸಲ್ಯಾಬಾಯಿಗೆ ಜೀವನದಲ್ಲಿ ಸಿಕ್ಕ ಸುಖಗಳಲ್ಲಿ ಅದೇ ದೊಡ್ಡದು. ಅಂಥ ಸುಖವನ್ನು ಯಾವ ಸೊಸೆ ತಾನೇ ಕೈಬಿಟ್ಟಾಳು? ಶೇವಂತಾಬಾಯಿಯೂ ಬಿಡಲಿಲ್ಲ.

ಇನ್ನು ಬರದ ಮಾತು. ಪಕ್ಕದ ಲಾತೂರಿಗೆ ರೈಲಿನಲ್ಲಿ ನೀರು ತಂದ ವರ್ಷವನ್ನು ಈ ಭಾಗದವರು ಮರೆತಿಲ್ಲ. ಅದರ ಹಿಂದಿನ ಮಳೆಗಾಲವೂ ಕೈಕೊಟ್ಟಿತ್ತು. ಮಾಂಜ್ರಾ ಒಣಗಿ ಉಸುಕಾಗಿತ್ತು, ಉದ್ದು ಮೊಳಕೆಯಲ್ಲೇ ಸತ್ತಿತ್ತು, ಬೋರು ಕೊರೆದಲ್ಲೆಲ್ಲ ಬರೀ ಧೂಳು ಬರುತ್ತಿತ್ತು. ಜನ ಮಕ್ಕಳು ಮರಿ ಕಟ್ಟಿಕೊಂಡು ಹೈದರಾಬಾದು, ಪುಣೆ ಎಂದು ಹೊರಟರು. ಹೊರಡದೆ ಉಳಿದವರು ಟ್ಯಾಂಕರಿನ ನೀರು ಕುಡಿದರು, ಆ ನೀರಿಗೆ ಕಾಮಾಲೆ ಎದ್ದಿತು. ಮಳೆಯಿಲ್ಲದೆ ಹೊಲದ ಬದುವಿನಲ್ಲಿ ಒಂದು ಕಡ್ಡಿ ನೆಲನೆಲ್ಲಿ ಇರಲಿಲ್ಲ, ಶೇವಂತಾಬಾಯಿಯ ಬಚ್ಚಲಿನ ಹಿಂದೆ ಮಾತ್ರ ಇತ್ತು. ಮೈಗೆ ಸಾಬೂನು ಹಚ್ಚುವುದನ್ನೇ ಬಿಟ್ಟು ಆಕೆ ಆ ಗಿಡಗಳನ್ನು ಉಳಿಸಿಕೊಂಡಳು. ನೀರಿನಿಂದ ಬಂದ ಕಾಮಾಲೆ ಬಹಳಷ್ಟು ಮಂದಿಗೆ ತಾನಾಗಿಯೇ ಇಳಿಯುತ್ತದೆ ಎಂಬುದು ಆಕೆಗೆ ಗೊತ್ತಿರಲಿಲ್ಲ, ಗೊತ್ತಿದ್ದವರು ಹೇಳುವ ಗೋಜಿಗೆ ಹೋಗಲಿಲ್ಲ. ಹೀಗಾಗಿ ಬರದ ವರ್ಷ ಊರಿಗೆಲ್ಲ ಕೆಡುಕಾದರೂ ಶೇವಂತಾಬಾಯಿಯ ಹೆಸರಿಗೆ ಸುಗ್ಗಿ.

ಆ ಸುಗ್ಗಿಯಲ್ಲಿಯೇ ಅಳಿಯ ಪಂಢರಿ ಬಂದ. ಶೇವಂತಾಬಾಯಿಗೆ ಇದ್ದವಳು ಒಬ್ಬಳೇ ಮಗಳು, ಶಿವಕಾಂತಾ. ಗಂಡ ಹೋದ ಮೇಲೆ ಆ ಮಗಳೇ ಕಣ್ಣು, ಮಗಳೇ ಕೈ. ಅವಳನ್ನು ಭಾಲ್ಕಿ ತಾಲೂಕಿನ ಹಲಬರ್ಗಾಕ್ಕೆ, ಗೌಂಡಿ ಕೆಲಸದ ಪಂಢರಿಗೆ ಕೊಟ್ಟಿದ್ದಳು. ಪಂಢರಿ ಗೋಡೆ ಕಟ್ಟಿದರೆ ನೆಟ್ಟಗೆ ಅಳೆಯುವ ಓಲಂಬದ ಗುಂಡೇ ನಾಚಬೇಕು, ಮಾತಿನಲ್ಲೂ ಅಷ್ಟೇ ನೆಟ್ಟಗಿನ ಮನುಷ್ಯ. ಹೇಳಿದ್ದನ್ನು ಹೇಳಿದ ಹಾಗೆ ಮಾಡುವವನು, ಅರ್ಧ ಮಾಡಿದ್ದನ್ನು ಮಾಡಿದೆ ಎನ್ನದವನು. ಆ ಮಳೆಗಾಲದಲ್ಲಿ ಅವನಿಗೆ ಕೆಮ್ಮು ಹಿಡಿಯಿತು, ಕಫ ತಪಾಸಿಸಿದಾಗ ಟಿ.ಬಿ. ಎಂದರು, ಭಾಲ್ಕಿಯ ದವಾಖಾನೆಯಿಂದ ಗುಳಿಗೆ ಶುರುವಾಯಿತು. ಕೆಮ್ಮು ಇಳಿಯತೊಡಗಿತು, ಅಷ್ಟರಲ್ಲಿ ಕಣ್ಣು ಹಳದಿಯಾದವು. ವೈದ್ಯರು ರಕ್ತ ನೋಡಿ, ಗುಳಿಗೆ ಲಿವರಿಗೆ ಪೆಟ್ಟು ಕೊಟ್ಟಿದೆ, ಸದ್ಯ ನಿಲ್ಲಿಸು, ಹಳದಿ ಇಳಿದ ಮೇಲೆ ಬಾ, ಒಂದೊಂದಾಗಿ ಮತ್ತೆ ಶುರು ಮಾಡೋಣ ಎಂದರು. ಪಂಢರಿಗೆ ಮೊದಲರ್ಧ ಚೆನ್ನಾಗಿ ಕೇಳಿಸಿತು.

ಅತ್ತೆಯ ಮನೆಗೆ ಬಂದರೆ ಅಲ್ಲಿಯೂ ಅದೇ ಮಾತು, ಬೇರೆ ಔಷಧ ಕೂಡದು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಶೇವಂತಾಬಾಯಿ ತಲೆಯ ಸೆರಗನ್ನು ಹಣೆಯ ತನಕ ಎಳೆದುಕೊಂಡು, ಬಟ್ಟಲನ್ನು ಮಗಳ ಕೈಗೆ ಕೊಟ್ಟು ಕುಡಿಸಿದಳು. ಯಾವ ಗುಳಿಗೆ, ಯಾವ ರೋಗಕ್ಕೆ ಎಂದು ಕೇಳಲಿಲ್ಲ. ಬಂದವರನ್ನು ಕೇಳುವಂತಿಲ್ಲ, ಅಳಿಯನನ್ನಂತೂ ಮೊದಲೇ ಇಲ್ಲ. ಶಿವಕಾಂತಾಳೂ ತಾನಾಗಿ ಹೇಳಲಿಲ್ಲ. ಟಿ.ಬಿ. ಎಂಬ ಮಾತು ಬಾಯಿಂದ ಹೊರಬಿದ್ದರೆ ಓಣಿಯಲ್ಲೆಲ್ಲ ಹರಡುತ್ತದೆ ಎಂಬ ಅಂಜಿಕೆ ಅವಳಿಗೆ. ಹಳದಿ ಇಳಿಯಿತು. ಕಣ್ಣು ಬೆಳ್ಳಗಾಗಿ, ಹಸಿವೆ ಹುಟ್ಟಿ, ಪಂಢರಿ ಮತ್ತೆ ಮನುಷ್ಯನಾದ.

ಪಥ್ಯ ಬಿಡಿಸುವ ದಿನ ಎಡವಟ್ಟಾಯಿತು. ಆ ಸೀಮೆಯಲ್ಲಿ ಅತ್ತೆಯಾದವಳು ಅಳಿಯನ ಎದುರು ನಿಂತು ಮಾತಾಡುವುದಿಲ್ಲ, ಮುಖ ತೋರಿಸಿದರೆ ಅದೇ ದೊಡ್ಡದು. ಈಗ ಅವನ ಬಾಯಿಯೊಳಗೆ ಕೈಯಿಟ್ಟು ತುತ್ತು ಹಾಕಬೇಕು. ಅಂಗಳದ ತುಂಬ ಮದ್ದಿಗೆ ಬಂದ ಹೆಂಗಸರು ಕೂತಿದ್ದರು.

"ಹಾಕ್ರಿ ಬಾಯಿ, ಅಳಿಯಾಗ ಉಣಸ್ರಿ, ನಾವೂ ನೋಡ್ತೇವಿ!" ಎಂದು ಒಬ್ಬಳು ನಗಾಡಿದಳು.

ಉಳಿದವರೂ ನಕ್ಕರು. ಪಂಢರಿ ನೆಲ ನೋಡಿದ. ಶೇವಂತಾಬಾಯಿ ಸೆರಗಿನೊಳಗೇ ಬೆವೆತು, ತುತ್ತನ್ನು ಮಗಳ ಕೈಗೆ ದಾಟಿಸಿದಳು.

"ನೀನ ಹಾಕು ಶಿವಕಾಂತಾ. ಮನೀ ಮಂದೀನ ಅಲಾ, ನಡೀತದ."

ಶಿವಕಾಂತಾ ಹಾಕಿದಳು, ಪಂಢರಿ ನುಂಗಿದ, ಮಂದಿ ಮತ್ತೊಮ್ಮೆ ನಕ್ಕಿತು. ಆದರೆ ಬಸ್ಸಿಗೆ ನಡೆಯುವಾಗ ಪಂಢರಿ ಹೆಂಡತಿಗೆ ಕೇಳಿದ, "ನಿನ್ನ ಕೈಲೆ ತಿಂದ್ರ ಬಿಡ್ತದೇನು? ನಿಮ್ಮವ್ವ ಮದ್ದು ನಿನಗ ಕೊಟ್ಟಿಲ್ಲಲ್ಲ." ನಿಯಮದ ಪ್ರಕಾರ ಅವನ ಮಾತೇ ಸರಿ. ಆ ವಾರದಲ್ಲೇ ಮೇಸ್ತ್ರಿಯ ಗಾಡಿ ಹಲಬರ್ಗಾದಿಂದ ಹೈದರಾಬಾದಿಗೆ ಹೊರಟಿತು, ಗಂಡ ಹೆಂಡತಿ ಇಬ್ಬರೂ ಏರಿ ಹೋದರು. ಭಾಲ್ಕಿಯ ವೈದ್ಯರ "ಮತ್ತೆ ಬಾ" ಎಂಬ ಮಾತು ಭಾಲ್ಕಿಯಲ್ಲೇ ಉಳಿಯಿತು.

ಯುಗಾದಿಯ ಸುಮಾರಿಗೆ ಒಂದು ಮೋಟಾರ ಸೈಕಲ್ಲು ಧೂಳೆಬ್ಬಿಸಿಕೊಂಡು ಶೇವಂತಾಬಾಯಿಯ ಅಂಗಳಕ್ಕೆ ಬಂದು ನಿಂತಿತು. ಇಳಿದವನು ಗೋರಖನಾಥ. ಗುಳಿಗೆ ಅರ್ಧಕ್ಕೆ ಬಿಟ್ಟ ಟಿ.ಬಿ. ರೋಗಿಗಳನ್ನು ಹುಡುಕಿ ಹಿಡಿದು ತರುವುದು ಅವನ ನೌಕರಿ. ಬರದ ವರ್ಷ ಆ ನೌಕರಿ ಎಂದರೆ ಜೋಳದ ರಾಶಿಯಲ್ಲಿ ಸಾಸಿವೆ ಹುಡುಕಿದ ಹಾಗೆ. ಶೇವಂತಾಬಾಯಿ ಚಹಾಕ್ಕೆ ಎದ್ದಳು.

"ಚಾ ಆಮ್ಯಾಲ ಕೊಡ್ರಿ ಬಾಯಿ," ಎಂದ ಗೋರಖನಾಥ. "ಮೊದಲ ನಿಮ್ಮ ಅಳಿಯನ ಪಥ್ಯಾ ಬಿಡಸ್ರಿ. ಹೈದರಾಬಾದಿಗೆ ಫೋನ್ ಹಚ್ಚಿ ಹಚ್ಚಿ ಸಾಕಾಗ್ಯದ ನನಗ. ಗುಳಗಿ ಯಾಕ ತಗೊಳ್ಳಂಗಿಲ್ಲೋ ಅಂದ್ರ, ಅತ್ತಿ ಬಿಡಸಿಲ್ಲ ಸಾಹೇಬ್ರ, ಬಿಡಸಲಾರದ ಔಷಧ ಮುಟ್ಟಂಗಿಲ್ಲ ಅಂತಾನ. ಟೀಬಿ ಅದ ಅವಗ, ನಿಮಗ ಗೊತ್ತದಿಲ್ಲ?"

ಶೇವಂತಾಬಾಯಿಗೆ ಮೊದಲು ನಗು ಬಂತು. ಆಮೇಲೆ ಟಿ.ಬಿ. ಎಂಬ ಮಾತು ಒಳಗಿಳಿದು ನಗು ನಿಂತಿತು. ಅಳಿಯನ ಕಾಮಾಲೆ ಎಲ್ಲಿಂದ ಬಂದಿತ್ತು, ಅವನು ಯಾವ ಗುಳಿಗೆ ಬಿಟ್ಟು ತನ್ನ ಗಿಡ ಕುಡಿದಿದ್ದ ಎಂಬುದನ್ನು ಗೋರಖನಾಥ ಬಿಡಿಸಿ ಹೇಳಿದ. ಆಕೆ ಅವನ ಫೋನಿನಿಂದಲೇ ಮಗಳಿಗೆ ಮಾತಾಡಿದಳು. ಮಗಳು ಫೋನನ್ನು ಗಂಡನ ಕಿವಿಗೆ ಹಿಡಿದಳು. ಜೀವನದಲ್ಲಿ ಮೊದಲ ಸಲ ಶೇವಂತಾಬಾಯಿ ಅಳಿಯನಿಗೆ ನೇರ ಮಾತಾಡಿದ್ದು ಹೀಗೆ, ಮುಖವಿಲ್ಲದ ಪೆಟ್ಟಿಗೆಯೊಳಗೆ.

"ಬಿಟ್ಟೀನ್ರಿ ಅಳಿಯಂದ್ರ. ಗುಳಗಿ ತಗೋರಿ."

"ಹೂಂರಿ ಅತ್ತ್ಯಾರ," ಎಂದ ಪಂಢರಿ. ಎಂದವನು ಗುಳಿಗೆ ಮುಟ್ಟಲಿಲ್ಲ. ಫೋನಿನಲ್ಲಿ ತುತ್ತು ಬರುವುದಿಲ್ಲವಲ್ಲ. ನಿಜ ಹೇಳಬೇಕೆಂದರೆ ಪಥ್ಯ ಅವನಿಗೆ ನಂಬಿಕೆಯೂ ಆಗಿತ್ತು, ನೆವವೂ ಆಗಿತ್ತು. ತನ್ನನ್ನು ಹಳದಿ ಮಾಡಿ ಸಾವಿನ ಬಾಗಿಲು ತೋರಿಸಿದ ಗುಳಿಗೆಯ ಭಯ ಅವನಿಗೆ ಟಿ.ಬಿ.ಯ ಭಯಕ್ಕಿಂತ ದೊಡ್ಡದು. ಅವನು ಎಣ್ಣೆ ಮುಟ್ಟದೆ, ಖಾರ ಮುಟ್ಟದೆ, ಸಪ್ಪೆ ಅನ್ನ ತಿಂದು ಮೂರನೆಯ ಮಾಳಿಗೆಗೆ ಇಟ್ಟಿಗೆ ಹೊರುತ್ತಿದ್ದ. ಕಫದಲ್ಲಿ ರಕ್ತ ಬೀಳಲು ಶುರುವಾದ ದಿನ ಶಿವಕಾಂತಾ ತಾನೇ ಗೋರಖನಾಥನ ಮೂಲಕ ತಾಯಿಗೆ ಫೋನು ಮಾಡಿಸಿದಳು. ಅಳಲಿಲ್ಲ, ಬೈದಳು.

"ಊರ ಮಂದಿ ಬಾಯಾಗೆಲ್ಲ ಕೈ ಇಡ್ತಿ. ನನ್ನ ಗಂಡನ ಬಾಯಿಗಿ ನಾಚಿಕಿ ಬಂತೇನು ನಿನಗ? ಅವರು ಸತ್ತು ಹ್ವಾದ್ರ ಆ ನಾಚಿಕಿ ತಗೊಂಡು ನಾ ಏನ ಮಾಡ್ಲಿ ಹೇಳು?"

ಈ ಮಾತು ಶೇವಂತಾಬಾಯಿಗೆ ಬಡಿಯಬೇಕಾದ ಜಾಗದಲ್ಲೇ ಬಡಿಯಿತು. ಗೋರಖನಾಥ ಒಂದು ಉಪಾಯ ಮಾಡಿದ. ಅತ್ತೆ ಖುದ್ದಾಗಿ ಬಂದು ಬಿಡಿಸುತ್ತಾಳೆ, ಬೀದರಕ್ಕೆ ಬಾ ಎಂದು ಪಂಢರಿಗೆ ಹೇಳಿಸಿದ. ಆ ಮಾತಿಗೆ ಅವನು ಬಂದ. ಬೀದರದ ದೊಡ್ಡ ದವಾಖಾನೆಯ ಹೊರಗೆ, ಬೇವಿನ ಮರದ ಕೆಳಗಿನ ಕಟ್ಟೆಯ ಮೇಲೆ ಕೂತಿದ್ದ ಅಳಿಯನನ್ನು ಶೇವಂತಾಬಾಯಿ ಮೊದಲು ಗುರುತಿಸಲಿಲ್ಲ. ಅಂಗಿ ಹ್ಯಾಂಗರಿಗೆ ತೂಗಿದ ಹಾಗೆ ಕಾಣುತ್ತಿತ್ತು, ಒಳಗೆ ಮನುಷ್ಯನಿದ್ದ ಗುರುತೇ ಇಲ್ಲ. ಸುತ್ತ ಹತ್ತಾರು ಊರುಗಳ ಜನ, ರೊಟ್ಟಿ ಗಂಟು ಬಿಚ್ಚಿ ಕೂತವರು, ಎಕ್ಸರೇ ಚೀಲ ಹಿಡಿದು ನಿಂತವರು.

ಆಕೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ತಲೆ ಬಯಲಾಯಿತು, ಆಗಲಿ ಎಂದಳು ಮನಸ್ಸಿನಲ್ಲೇ. ತಂದ ಗಂಟು ಬಿಚ್ಚಿ ರೊಟ್ಟಿ ಮುರಿದು, ಚಟ್ನಿಯಲ್ಲಿ ಅದ್ದಿ, ಅಳಿಯನ ಎದುರು ನಿಂತಳು.

"ಬಾಯಿ ತೆರೀರಿ."

ಪಂಢರಿ ತೆರೆದ. ಅವನ ಕಣ್ಣಲ್ಲಿ ನೀರಿತ್ತು, ಖಾರಕ್ಕೋ ಬೇರೆಯದಕ್ಕೋ ಹೇಳಲು ಬಾರದು. ಬಹಳ ದಿನಗಳ ಮೇಲೆ ನಾಲಿಗೆಗೆ ಎಣ್ಣೆ ತಾಗಿತ್ತು.

"ಎಣ್ಣಿ ತಿನ್ರಿ, ಖಾರ ತಿನ್ರಿ, ದವಾಖಾನಿ ಗುಳಗಿ ತಿನ್ರಿ. ಎಲ್ಲಾದಕ್ಕೂ ಬಿಟ್ಟೀನಿ," ಎಂದಳು ಶೇವಂತಾಬಾಯಿ, ನಾಲ್ಕು ಮಂದಿಗೆ ಕೇಳುವ ಹಾಗೆ. ಶಿವಕಾಂತಾ ಮುಖ ಆಚೆ ತಿರುಗಿಸಿ ಅತ್ತಳು.

ಇದನ್ನೆಲ್ಲ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದವರು ವೈದ್ಯೆ ಮುನವ್ವರ ಬೇಗಂ. ಬೀದರದವರೇ, ಇನ್ನೂ ಚಿಕ್ಕ ವಯಸ್ಸು. ಬೈಯುತ್ತಾರೆ ಎಂದು ಗೋರಖನಾಥ ಅಂಜಿದ್ದ. ಅವರು ಬೈಯಲಿಲ್ಲ. ಪಂಢರಿಯನ್ನು ಒಳಗೆ ಸೇರಿಸಿಕೊಂಡು, ಈ ಸಲ ಒಂದೊಂದೇ ಗುಳಿಗೆ ಶುರು ಮಾಡುತ್ತೇವೆ, ನಡುನಡುವೆ ರಕ್ತ ನೋಡುತ್ತೇವೆ ಎಂದರು. ಶೇವಂತಾಬಾಯಿ ಅವರ ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತಳು. ಜೀವಮಾನವೆಲ್ಲ ಯಾರನ್ನೂ ಏನೂ ಕೇಳದವಳು ಅಂದು ಕೇಳಿದಳು.

"ಡಾಕ್ಟರಮ್ಮಾ, ಖರೇ ಹೇಳ್ರಿ. ಇವರ ಕಾಮಣಿ ನನ್ನ ಗಿಡಕ್ಕ ಇಳೀತೋ, ಗುಳಗಿ ನಿಲ್ಲಿಸಿದ್ದಕ್ಕ ಇಳೀತೋ?"

"ಖರೇ ಹೇಳ್ಬೇಕಂದ್ರ ನನಗೂ ಗೊತ್ತಿಲ್ಲಮ್ಮಾ," ಎಂದರು ಮುನವ್ವರ ಬೇಗಂ. "ಗುಳಗಿ ಲಿವರಿಗಿ ತ್ರಾಸ ಕೊಟ್ಟಾಗ ಅದನ್ನ ನಿಲ್ಲಿಸಿದ್ರ ಬಹಳ ಮಂದಿಗಿ ತಾನ ಇಳೀತದ. ನಿಮ್ಮ ಗಿಡಾನೂ ಜರಾ ಕೈ ಹಚ್ಚಿರಬಹುದು, ಇಲ್ಲಾ ಅನ್ನಂಗಿಲ್ಲ. ಇಲಿಗೋಳ ಮ್ಯಾಲ ನೋಡ್ಯಾರ. ಇಂಥಾ ಗಿಡದ ರಸಾ ಕೊಟ್ಟಾಗ ಔಷಧದಿಂದ ಲಿವರ್ ಕೆಡೋದು ಕಡಿಮಿ ಆಗ್ಯದ. ಮಂದಿಗೂ ಹಂಗ ಆಗ್ತದಂತ ಹೇಳೂವಷ್ಟು ಸಾಕ್ಷಿ ಇನ್ನಾ ಸಿಕ್ಕಿಲ್ಲ."

ಶೇವಂತಾಬಾಯಿ ಬಾಗಿಲಿನಿಂದ ಒಂದು ಹೆಜ್ಜೆ ಒಳಗಿಟ್ಟಳು.

"ಆ ಇಲಿಗೋಳು ಪಥ್ಯಾ ಮಾಡಿದ್ವೇನ್ರಿ?"

ಮುನವ್ವರ ಬೇಗಂ ನಕ್ಕುಬಿಟ್ಟರು. ನಕ್ಕ ಮೇಲೆ, ಈ ಪ್ರಶ್ನೆ ನಗುವಂಥದ್ದಲ್ಲ ಎಂದು ಅವರಿಗೇ ಅನಿಸಿರಬೇಕು. "ಇಲ್ಲಮ್ಮಾ. ಅವಕ್ಕ ಎರಡೂ ಕೂಡೇ ಕೊಡ್ತಾರ, ಗಿಡದ ರಸಾನೂ ಆ ಔಷಧಾನೂ. ಗುಳಗಿ ಬಿಡಸ್ಬೇಕಂತ ಆ ಗಿಡಾ ಹುಡಕೋದಲ್ಲ. ಗುಳಗಿ ನಡೂಕ ನಿಲ್ಲಬಾರ್ದಂತ ಹುಡಕೋದು. ಈಗ ನಿಮ್ಮ ಅಳಿಯಗ ಮಾತ್ರ ಅದನ್ನ ಕೊಡಬ್ಯಾಡ್ರಿ. ಯಾವುದರಿಂದ ಏನಾಯ್ತು ಅಂತ ನಮಗ ತಿಳೀಬೇಕು."

ಕೊಡುವುದಿಲ್ಲ ಎಂದಳು, ಕೊಡಲೂ ಇಲ್ಲ. ಆದರೆ ಆ ಇಲಿಗಳು ಆಕೆಯ ತಲೆ ಬಿಟ್ಟು ಇಳಿಯಲಿಲ್ಲ. ಮದ್ದಿನ ಮೇಲೆ ಮದ್ದು ಬೀಳಬಾರದು ಎಂದು ಅತ್ತೆ ಹೇಳಿದ್ದಳು, ತಾನು ಹೇಳಿದ್ದಳು, ತಲೆತಲಾಂತರದಿಂದ ಹೇಳುತ್ತ ಬಂದಿದ್ದರು. ಗುಳಿಗೆಯಿಂದ ಹಳದಿಯಾಗಿ ಬಂದವರನ್ನು ಬದುಕಿಸಿದ್ದು ಆ ಮಾತೇ ಇರಬಹುದು. ಅದೇ ಮಾತು ಗಂಟು ಬಿದ್ದು ಬಿಚ್ಚದೆ ಉಳಿದರೆ ಕೊಂದರೂ ಕೊಂದೀತು. ಅಳಿಯನಿಗೆ ಗೋರಖನಾಥ ಸಿಕ್ಕ. ಉಳಿದವರಿಗೆ?

ವಾರ್ಡಿನ ಹೊರಗೆ ಗೋಡೆಗೊರಗಿ ಕೂತು ಆಕೆ ನೆನಪಿಸಿಕೊಳ್ಳತೊಡಗಿದಳು. ಬೇರೆ ವರ್ಷಗಳಲ್ಲಿ ಮದ್ದು ಕುಡಿದವರೆಲ್ಲ ತಪ್ಪದೆ ಬಿಡಿಸಿಕೊಳ್ಳಲು ಬರುತ್ತಿದ್ದರು. ಈ ಬರದಲ್ಲಿ ಹಾಗಾಗಿರಲಿಲ್ಲ. ಕುಡಿದವರು ಕುಡಿದ ವಾರವೇ ಗಾಡಿ ಏರಿ ಹೋಗಿದ್ದರು. ಅವರಲ್ಲಿ ಬಹುಮಂದಿಗೆ ಏನೂ ಆಗಲಿಕ್ಕಿಲ್ಲ, ಸಪ್ಪೆ ತಿಂದು ಬೇಸತ್ತಿರುತ್ತಾರೆ ಅಷ್ಟೆ. ಆದರೆ ಗುಳಿಗೆ ತಿನ್ನುತ್ತಿದ್ದವರು ಯಾರು ಯಾರು? ಕೇಳಿರಲಿಲ್ಲ. ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ. ಒಬ್ಬನದು ಮಾತ್ರ ಮುಖ ಸಹಿತ ನೆನಪಿಗೆ ಬಂತು. ಬೋರ್ ಕೊರೆಯುವ ಗಾಡಿಯ ಮೇಲೆ ದುಡಿಯುವ ಕಮಠಾಣದ ಚಾಂದ ಪಾಶಾ. ಮದ್ದು ಕುಡಿಯುವಾಗ ಕೆಮ್ಮುತ್ತಿದ್ದ. ಅವನ ಕೈಚೀಲದಿಂದ ಗುಳಿಗೆಯ ಹಾಳೆ ಇಣುಕಿತ್ತು, ಆಕೆ ನೋಡಿದ್ದಳು. ನೋಡಿಯೂ, ಬೇರೆ ಔಷಧ ಕೂಡದು ಎಂದಷ್ಟೇ ಹೇಳಿದ್ದಳು. ಅವನು ಹಾಳೆಯನ್ನು ಒಳಗೆ ತಳ್ಳಿ, ಎದೆಯ ಮೇಲೆ ಕೈಯಿಟ್ಟು, "ಬಿಲಕುಲ ಮುಟ್ಟಂಗಿಲ್ರಿ ಅಕ್ಕಾ" ಎಂದಿದ್ದ.

ಗೋರಖನಾಥ ಕಮಠಾಣಕ್ಕೆ ಹೋಗಿ ಬಂದ. ಮನೆಗೆ ಬೀಗ, ಗಂಡ ಹೆಂಡತಿ ಪುಣೆಗೆ ಹೋಗಿದ್ದಾರೆ, ಫೋನು ಹತ್ತುತ್ತಿಲ್ಲ ಎಂದು ಸುದ್ದಿ ತಂದ. ಇನ್ನು ಅವನ ಕೈಯಲ್ಲೂ ಏನಿರಲಿಲ್ಲ.

ಪಂಢರಿ ನಿಧಾನವಾಗಿ ಚೇತರಿಸಿಕೊಂಡ. ಒಂದೊಂದಾಗಿ ಹಾಕಿದ ಗುಳಿಗೆಗಳನ್ನು ಲಿವರು ಈ ಸಲ ತಡೆದುಕೊಂಡಿತು. ರಕ್ತ ನಿಂತಿತು, ಜ್ವರ ಬಿಟ್ಟಿತು. ಇಟ್ಟಿಗೆ ಹೊರುವ ಕಸುವು ಬರಲು ಹೊತ್ತು ಬೇಕು ಎಂದು ಹಲಬರ್ಗಾಕ್ಕೆ ಕಳಿಸಿದರು. ಹೋಗುವ ದಿನ ಅವನು ಅತ್ತೆಯ ಎದುರು ನಿಂತು, "ಇನ್ನ ನಾಚಿಕಿ ಬ್ಯಾಡ್ರಿ ಅತ್ತ್ಯಾರ, ಬಾಯಾಗ ಕೈ ಇಟ್ಟೀರಿ," ಎಂದು ಚೇಷ್ಟೆ ಮಾಡಿದ. ಶೇವಂತಾಬಾಯಿ ನಕ್ಕಳು. ಅಳಿಯ ಉಳಿದದ್ದಕ್ಕೆ ಆಕೆಗಾದ ಸಂತೋಷ ಸಣ್ಣದಲ್ಲ, ಆದರೆ ಅದರಲ್ಲಿ ಪೂರ್ತಿ ಕೂತು ಉಣ್ಣಲು ಆಕೆಗೆ ಆಗಲಿಲ್ಲ.

ಆ ವರ್ಷ ಮಳೆ ಹಿಡಿಯಿತು. ಎರೆ ನೆಲ ಹದಗೊಂಡಿತು, ಬಿತ್ತಲು ದುಡಿಯಲು ಜನ ಊರ ಕಡೆ ಮುಖ ಮಾಡಿದರು. ಅಂದಿನಿಂದ ಶೇವಂತಾಬಾಯಿ ಬೆಳಗಾದರೆ ಸಂತಪುರದ ಬಸ್ ನಿಲ್ದಾಣದಲ್ಲಿ ನಿಲ್ಲತೊಡಗಿದಳು. ಕಂಕುಳಲ್ಲಿ ರೊಟ್ಟಿ ಗಂಟು, ಕೈಯಲ್ಲಿ ಚಟ್ನಿಯ ಡಬ್ಬಿ. ಬೀದರ ಕಡೆಯಿಂದ ಬಂದ ಬಸ್ಸಿನಿಂದ ಇಳಿದವರ ಮುಖ ನೋಡುವುದು, ಕಂಡವರನ್ನು ತೋಳು ಹಿಡಿದು ನಿಲ್ಲಿಸುವುದು. "ನನ್ನ ಮದ್ದು ಕುಡದಿದ್ದೆಲ್ಲೊ? ಬಿಡಸಿಕೊಂಡಿಯೋ ಇಲ್ಲೊ? ಗುಳಗಿ ಏನರೆ ಇತ್ತೇನು?" ಮಂದಿ ನಕ್ಕಿತು. ಶೇವಂತಾಬಾಯಿಗೆ ಕಂಟ್ರೋಲರ ನೌಕರಿ ಸಿಕ್ಕಿದೆ ಎಂದು ಕಂಡಕ್ಟರುಗಳು ಆಡಿಕೊಂಡರು. ಹಿಂದೆ ಬಾಯಿ ತೆರೆದು ಕಾಯುತ್ತಿದ್ದ ದೊಡ್ಡ ಮನೆಯವರೊಬ್ಬರು, "ಕೌಸಲ್ಯಾಬಾಯಿ ಇದ್ದಿದ್ರ ಮದ್ದಿನ ಮರ್ಯಾದಿ ಹಿಂಗ ಬೀದಿಗಿ ತರ್ತಿದ್ದಿಲ್ಲ," ಎಂದರು. "ಮರ್ಯಾದಿ ಅಕಿ ಕೂಡ ಹೋಯ್ತು ಗೌಡ್ರ. ನೀವು ಗುಳಗಿ ತಗೋತೀರೇನು ಅದನ್ನ ಮೊದಲ ಹೇಳ್ರಿ," ಎಂದಳು ಶೇವಂತಾಬಾಯಿ. ಗೌಡರು ಗುಳಿಗೆ ತೆಗೆದುಕೊಳ್ಳುತ್ತಿದ್ದರು, ಹೇಳಿದರು ಕೂಡ.

ಮನೆಯಲ್ಲೂ ಕ್ರಮ ಬದಲಾಯಿತು. ಹಳದಿ ಕಣ್ಣಿನವರು ಬಂದರೆ ಮೊದಲು ಕೇಳುವುದು, ಗುಳಿಗೆ ತಿನ್ನುವವರಾದರೆ ದವಾಖಾನೆಗೆ ಕಳಿಸುವುದು. ಕೆಲವರು ಸಿಟ್ಟಾಗಿ ಬೇರೆ ಊರಿನ ಮದ್ದಿನವರಲ್ಲಿಗೆ ಹೋದರು. ರವಿವಾರದ ಅಂಗಳ ಖಾಲಿಯಾಗುತ್ತ ಬಂತು. ಬಚ್ಚಲಿನ ಹಿಂದಿನ ಗಿಡಗಳು ಮಳೆಗೆ ಹುಲುಸಾಗಿ ಬೆಳೆದು ಕೇಳುವವರಿಲ್ಲದೆ ನಿಂತವು.

ಒಂದು ಮಧ್ಯಾಹ್ನ ಬೀದರ ಬಸ್ಸಿನಿಂದ ಕಪ್ಪು ಬುರುಖಾದ ಹೆಂಗಸೊಬ್ಬಳು ಇಳಿದಳು. ಜೊತೆಗೆ ಯಾರೂ ಇರಲಿಲ್ಲ. ಚಹಾದಂಗಡಿಯಲ್ಲಿ ಏನೋ ಕೇಳಿದಳು, ಅಂಗಡಿಯವನು ಶೇವಂತಾಬಾಯಿಯ ಕಡೆ ಬೆರಳು ತೋರಿಸಿದ.

"ಮದ್ದಿನ ಶೇವಂತಾಬಾಯಿ ಅಂದ್ರ ನೀವೇನ್ರಿ? ನಾ ಕುಬರಾ ಅಂತ. ಕಮಠಾಣದ ಚಾಂದ ಪಾಶಾನ ಹೇಣ್ತಿ."

ಶೇವಂತಾಬಾಯಿ ಅವಳ ಕೈ ಗಟ್ಟಿಯಾಗಿ ಹಿಡಿದಳು. "ಎಲ್ಲಿ ಹಾನವ್ವಾ ನಿನ್ನ ಗಂಡ? ಕರಕೊಂಡು ಬಂದೀಯೇನು? ನಾ ಅವನ ಪಥ್ಯಾ ಬಿಡಸ್ಬೇಕು."

"ಅದಕ್ಕೇ ಬಂದೀನ್ರಿ ಅಕ್ಕಾ." ಕುಬರಾ ಕಟ್ಟೆಯ ಮೇಲೆ ಕೂತು, ಉಸಿರು ತೆಗೆದುಕೊಂಡು ಹೇಳಿದಳು. ಚಾಂದ ಪಾಶಾ ಪುಣೆಯಲ್ಲಿಯೇ ತೀರಿಕೊಂಡಿದ್ದ. ಕೆಮ್ಮು ಮತ್ತೆ ಜೋರಾಗಿ, ಸೊರಗಿ ಸೊರಗಿ ಹೋದ. ಅಲ್ಲಿಯ ದವಾಖಾನೆಯವರು ಗುಳಿಗೆ ಮನೆಗೇ ತಂದು ಕೊಟ್ಟಿದ್ದರು, ಎಲ್ಲವನ್ನೂ ತಲೆದಿಂಬಿನ ಕೆಳಗೆ ಇಟ್ಟುಕೊಂಡಿದ್ದ. "ಅಕ್ಕ ಬಿಡಸಿಲ್ಲ, ಊರಿಗಿ ಹೋಗಿ ಬಿಡಸಿಕೊಂಡು ಆಮ್ಯಾಲ ತಿಂತೇನಿ ಅಂತಿದ್ರು. ಆಖರಿ ತನಾ ಎಣ್ಣಿ ಮುಟ್ಟಲಿಲ್ರಿ. ನಿಮ್ಮ ಮಾತ ಮೀರಲಿಲ್ಲ." ಅವಳ ದನಿಯಲ್ಲಿ ದೂರು ಇರಲಿಲ್ಲ. ಗಂಡನ ಒಳ್ಳೆಯ ಗುಣ ಹೇಳುವ ಹಾಗೆ ಹೇಳಿದಳು.

ಶೇವಂತಾಬಾಯಿ ರೊಟ್ಟಿ ಗಂಟನ್ನು ಕಟ್ಟೆಯ ಮೇಲೆ ಇಳಿಸಿದಳು. ಕುಬರಾಳೇ ಮುಂದುವರಿಸಿದಳು.

"ನಾಳಿಗಿ ಅವರ ಫಾತಿಹಾ ಅದರಿ. ಪೂರಿ ಅಂದ್ರ ಜೀವ ಬಿಡ್ತಿದ್ರು. ಕರದು ಅವರ ಹೆಸರಿಗಿ ಇಡ್ಬೇಕಂತ ಮನಸದ. ಆದ್ರ ಪಥ್ಯಾ ಬಿಟ್ಟಿಲ್ಲಲ್ರಿ ಅಕ್ಕಾ. ಎಣ್ಣಿ ಪದಾರ್ಥ ಹ್ಯಾಂಗ ಇಡ್ಲಿ? ನಿಮಗ ಒಂದ ಮಾತ ಕೇಳಿ ಹೋಗೋಣಂತ ಬಂದೆ."

ಬಸ್ ನಿಲ್ದಾಣದ ನಡುವೆ ಶೇವಂತಾಬಾಯಿ ಸೆರಗು ಬಾಯಿಗೊತ್ತಿಕೊಂಡು ಅತ್ತಳು. ತಪ್ಪಾಯಿತು ಎಂದಳು, ಕುಬರಾಳಿಗೆ ಯಾವ ತಪ್ಪು ಎಂದು ತಿಳಿಯಲಿಲ್ಲ. ದೊಡ್ಡವರು ಹೀಗೆ ಅಳಬಾರದು ಎಂದು ಅವಳೇ ಸಮಾಧಾನ ಮಾಡಿದಳು.

ಮರುದಿನ ಶೇವಂತಾಬಾಯಿ ಕಮಠಾಣಕ್ಕೆ ಹೋದಳು. ಕುಬರಾ ಬೇಡವೆಂದರೂ ತಾನೇ ಒಲೆಯ ಮುಂದೆ ಕೂತು, ಕಾದ ಎಣ್ಣೆಯಲ್ಲಿ ಪೂರಿ ಬಿಟ್ಟು ತೆಗೆದಳು. ಹಿರಿಯರು ಓದಿ ಮುಗಿಸಿ ಎದ್ದು ಹೋದ ಮೇಲೆ ತಟ್ಟೆಯಿಂದ ಒಂದು ಪೂರಿ ತೆಗೆದು, ತುಂಡು ಮುರಿದಳು. ಮುರಿದ ಮೇಲೆ ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದು ಕೂತಳು.

"ನೀ ಕಡೀಕ ಯಾವಾಗ ಎಣ್ಣಿ ತಿಂದಿದ್ದಿ ಅವ್ವಾ?" ಎಂದು ಕೇಳಿದಳು ಕೊನೆಗೆ.

"ಅವರು ಬಿಟ್ಟಾಗಿಂದ ನಾನೂ ಬಿಟ್ಟೀನ್ರಿ," ಎಂದಳು ಕುಬರಾ. "ಅವರ ಮುಂದ ನಾ ಒಬ್ಬಾಕಿ ಹ್ಯಾಂಗ ತಿನ್ಲಿ?"

ಶೇವಂತಾಬಾಯಿ ಆ ತುತ್ತನ್ನು ಅವಳ ಬಾಯಿಗಿಟ್ಟಳು. "ಬಿಟ್ಟೀನಿ" ಎನ್ನಲು ಹೋಗಿ, "ತಿನ್ನವ್ವಾ" ಎಂದಳು. ಕುಬರಾ ಅದನ್ನು ಅಗಿಯಲಿಲ್ಲ, ಬಾಯಲ್ಲಿ ಹಾಗೇ ಇಟ್ಟುಕೊಂಡು ಅಳತೊಡಗಿದಳು.